ಎದ್ದು ನಿಂತರೆ ಅಪ್ಪನಿಗೆ ಕಣ್ಣು ಕತ್ತಲೆ, ಕೂತಾಗ ಬಿಪಿ ಸರಿಯಿದೆ

ಪ್ರಶ್ನೆ:
ಅಪ್ಪನಿಗೆ 74 ವರ್ಷ. ಬಿಪಿ ಮಾತ್ರೆ ಹಳೇದು, ಪ್ರೋಸ್ಟೇಟ್ ಮಾತ್ರೆ ಈಚೆಗೆ ಶುರುವಾಗಿದೆ. ಬೆಳಗಿನ ಜಾವ ಬಚ್ಚಲಿಗೆ ಹೋಗಲು ಎದ್ದವರು ಬಾಗಿಲ ಚೌಕಟ್ಟು ಹಿಡಿದು ಕಣ್ಣು ಮುಚ್ಚಿ ನಿಂತುಬಿಡುತ್ತಾರೆ. ಕೂರಿಸಿ ನೋಡಿದರೆ 138/82. ಮತ್ತೆ ತಲೆ ಸುತ್ತೋದು ಯಾಕೆ? ಬಿದ್ದು ಸೊಂಟ ಮುರಿದರೆ ಏನು ಗತಿ ಅಂತ ನಿದ್ದೆ ಬರಲ್ಲ.

ಉತ್ತರ:
ನಾನು ನರ್ಸ್. ಎದ್ದು ನಿಂತಾಗ ಬಿಪಿ ಇಳಿಯುತ್ತಿರಬಹುದು, ಕೂತಾಗ ಮಾತ್ರ ನೋಡಿದರೆ ಇದು ಸಿಗಲ್ಲ. 5 ನಿಮಿಷ ಮಲಗಿಸಿ ಬಿಪಿ ನೋಡಿ. ನಿಲ್ಲಿಸಿ 1ನೇ ನಿಮಿಷಕ್ಕೆ, 3ನೇ ನಿಮಿಷಕ್ಕೆ ಮತ್ತೆ ನೋಡಿ. ಕೈ ಎದೆ ಮಟ್ಟಕ್ಕಿರಲಿ, ಪಕ್ಕದಲ್ಲಿ ಒಬ್ಬರು ಹಿಡಿದಿರಲಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ಹೇಳಲೇಬೇಕು.

ನಿಂತಾಗ ಅರ್ಧ ಲೀಟರಿನಷ್ಟು ರಕ್ತ ಹೊಟ್ಟೆ, ಕಾಲಿನ ಕಡೆ ಇಳಿಯುತ್ತೆ. ಕುತ್ತಿಗೆಯ ರಕ್ತನಾಳದ ನರಗಳು ಅದನ್ನು ಗುರುತಿಸಿ ಹೃದಯದ ಬಡಿತ ಜಾಸ್ತಿ ಮಾಡಿಸುತ್ತವೆ, ರಕ್ತನಾಳ ಬಿಗಿಯಾಗುತ್ತೆ. ವಯಸ್ಸಾದಂತೆ ಇದು ನಿಧಾನ. ಪ್ರೋಸ್ಟೇಟಿನ ಕೆಲವು ಮಾತ್ರೆಗಳು ರಕ್ತನಾಳವನ್ನೂ ಸಡಿಲ ಮಾಡುತ್ತವೆ. ನನಗೆ ಅನುಮಾನ ಅದರ ಮೇಲೇ. ಆದರೆ ನೀವಾಗಿಯೇ ನಿಲ್ಲಿಸಬೇಡಿ.

ಇನ್ನೊಂದು ಉತ್ತರ:
ಶುಗರ್ ಇದೆಯಾ? ನಮ್ಮಮ್ಮನಿಗೆ ಅದರಿಂದಲೇ ನರ ಸೋತು ಹೀಗಾಗುತ್ತಿತ್ತು. ಏಳುವ ಮುಂಚೆ ಮಂಚದ ಅಂಚಿಗೆ ಕೂತು ಪಾದ ಆಡಿಸಲಿ.

ಪ್ರಶ್ನೆ ಕೇಳಿದವರು:
ಶುಗರ್ ಇಲ್ಲ. ಮಲಗಿದಾಗ 142/84, ನಿಂತಾಗ 114/72! ಚೀಟಿಯಲ್ಲಿ ಬರೆದಿಟ್ಟಿದ್ದೇನೆ, ಎರಡೂ ಮಾತ್ರೆ ಹಿಡಿದು ನಾಳೆಯೇ ಡಾಕ್ಟರ ಹತ್ತಿರ ಹೋಗುತ್ತೇವೆ. ತುಂಬಾ ಥ್ಯಾಂಕ್ಸ್ ಸಿಸ್ಟರ್.