ಸಹಾಯ ಬೇಕು: ಮೈಕ್ ಆನ್ ಮಾಡಿದರೆ ಬ್ರೌಸರ್ ಮುಚ್ಚಿಹೋಗುತ್ತಿದೆ

ಎಲ್ಲರಿಗೂ ನಮಸ್ಕಾರ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಲಿನಕ್ಸ್ 22.04 ಇತ್ತು, ಕಳೆದ ವಾರ 24.04ಕ್ಕೆ ಏರಿಸಿದೆ. ಅಂದಿನಿಂದ ನೆಮ್ಮದಿ ಇಲ್ಲ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಹಾಡು ಕೇಳಿದರೆ ಏನೂ ತೊಂದರೆಯಿಲ್ಲ. ಬ್ರೌಸರ್‌ನಲ್ಲಿ ಮೀಟಿಂಗ್ ತೆರೆದು ಮೈಕ್ ಒತ್ತಿದೊಡನೆ ಧ್ವನಿ ಹಳೆಯ ರೇಡಿಯೊದಂತೆ ಗೊರಗೊರ ಎನ್ನುತ್ತದೆ, ಎರಡು ಕ್ಷಣ ಮೌನ, ಆಮೇಲೆ ಬ್ರೌಸರ್ ಇಡಿಯಾಗಿ ಮಾಯ. ನಿನ್ನೆ ಮೇಲಧಿಕಾರಿಯ ಮಾತಿನ ನಡುವೆಯೇ ಹೀಗಾಯಿತು. ನಾನು ಬೇಕೆಂದೇ ಎದ್ದುಹೋದೆ ಎಂದುಕೊಂಡರು.

ಮೈಕ್ ಬೇಕಾದಾಗ ಹೆಡ್‌ಫೋನ್ ಎ2ಡಿಪಿಯಿಂದ (ಹಾಡು ಕೇಳಲು ಬಳಸುವ, ಒಳ್ಳೆಯ ಧ್ವನಿಯ ಬ್ಲೂಟೂತ್ ವಿಧಾನ) ಹೆಡ್‌ಸೆಟ್ ಪ್ರೊಫೈಲಿಗೆ (ಮೈಕ್ ಸಹಿತ ಕರೆಯ ವಿಧಾನ) ತಾನಾಗಿ ಬದಲಾಗುತ್ತದೆ, ಧ್ವನಿ ಕೆಡುವುದು ಅದಕ್ಕೇ ಎಂಬುದು ತಿಳಿದಿದೆ. ಕುಸಿತವೂ ಸರಿಯಾಗಿ ಆ ಕ್ಷಣದಲ್ಲೇ. ತಂತಿಯ ಇಯರ್‌ಫೋನ್ ಹಾಕಿದರೆ ಒಮ್ಮೆಯೂ ಹೀಗಾಗಿಲ್ಲ.

ಧ್ವನಿಯನ್ನು ನಿರ್ವಹಿಸುವ ಪೈಪ್‌ವೈರ್, ಅದರ ಸಾಧನಗಳನ್ನು ನಿಯಂತ್ರಿಸುವ ವೈರ್‌ಪ್ಲಂಬರ್ ಸೇವೆಗಳನ್ನು ಮರುಚಾಲನೆ ಮಾಡಿದೆ. ಬ್ರೌಸರ್‌ನಲ್ಲಿ ಹೊಸ ಪ್ರೊಫೈಲ್ ತೆರೆದೆ, ವಿಸ್ತರಣೆಗಳನ್ನೆಲ್ಲ ತೆಗೆದೆ, ಹಾರ್ಡ್‌ವೇರ್ ವೇಗವರ್ಧನೆ ನಿಲ್ಲಿಸಿದೆ, ಹೆಡ್‌ಫೋನನ್ನು ಮರೆಸಿ ಮತ್ತೆ ಜೋಡಿಸಿದೆ. ಫಲ ಸೊನ್ನೆ.

ಈಗ ಆ ತಾನಾಗಿ ಬದಲಾಗುವುದನ್ನೇ ನಿಲ್ಲಿಸಿ, ಮೈಕ್‌ಗೆ ಲ್ಯಾಪ್‌ಟಾಪಿನದನ್ನೇ ಬಳಸೋಣ ಎಂದುಕೊಂಡಿದ್ದೇನೆ. ಗೊಂದಲ ಇರುವುದು ಇಲ್ಲೇ: ಇದಕ್ಕೆ ವೈರ್‌ಪ್ಲಂಬರ್ ಸೆಟ್ಟಿಂಗ್ ಬದಲಿಸಲು ಕೆಲವರು ಲುವಾ (ಒಂದು ಸ್ಕ್ರಿಪ್ಟ್ ಭಾಷೆ) ಕಡತ ಬರೆಯಿರಿ ಎನ್ನುತ್ತಾರೆ, ಕೆಲವರು ಅದು ಹಳೆಯ ಪದ್ಧತಿ, ಡಾಟ್ ಕಾನ್ಫ್ (.conf) ಸೆಟ್ಟಿಂಗ್ ಕಡತವೇ ಬೇಕು ಎನ್ನುತ್ತಾರೆ. ನನ್ನಲ್ಲಿರುವುದು ವೈರ್‌ಪ್ಲಂಬರ್ 0.4.17.

ಈ ಆವೃತ್ತಿಗೆ ಯಾವುದು ಸರಿ, ಆ ಕಡತವನ್ನು ಯಾವ ಫೋಲ್ಡರಿನಲ್ಲಿ ಇಡಬೇಕು? ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ನಾಳೆ ಹತ್ತಕ್ಕೆ ಮತ್ತೊಂದು ಮೀಟಿಂಗ್ ಇದೆ.