1796ರಲ್ಲಿ ಎದುರಾಳಿಯೇ ಉಪಾಧ್ಯಕ್ಷ, 1800ರಲ್ಲಿ ಜೊತೆಗಾರನೊಂದಿಗೇ ಸಮಬಲ: ಒಂದೇ ನಿಯಮದಲ್ಲಿ ಇದು ಹೇಗೆ?

ಪ್ರಶ್ನೆ

ಅಮೆರಿಕದ 1796ರ ಚುನಾವಣೆಯಲ್ಲಿ ಫೆಡರಲಿಸ್ಟ್ ಪಕ್ಷದ ಜಾನ್ ಆಡಮ್ಸ್ ಅಧ್ಯಕ್ಷರಾದರು, ಎದುರು ನಿಂತಿದ್ದ ರಿಪಬ್ಲಿಕನ್ ಪಕ್ಷದ ಥಾಮಸ್ ಜೆಫರ್ಸನ್ ಉಪಾಧ್ಯಕ್ಷರಾದರು. 1800ರಲ್ಲಿ ಜೆಫರ್ಸನ್‌ಗೂ ಅವರದೇ ಪಕ್ಷದ ಏರನ್ ಬರ್‌ಗೂ ತಲಾ 73 ಮತ ಬಂತು. ನಡುವೆ ನಿಯಮವೇನೂ ಬದಲಾಗಿರಲಿಲ್ಲ. 1800ರಲ್ಲಿ ಒಬ್ಬ ಎಲೆಕ್ಟರ್ (ಅಧ್ಯಕ್ಷರನ್ನು ಆರಿಸಲು ರಾಜ್ಯದಿಂದ ಆಯ್ಕೆಯಾದ ಮತದಾರ) ಬರ್‌ಗೆ ಮತ ಹಾಕದೆ ಬಿಟ್ಟಿದ್ದರೆ ಸಾಕಿತ್ತಲ್ಲವೇ? ಯಾಕೆ ಬಿಡಲಿಲ್ಲ?

ಉತ್ತರ 1

ಸಾಕಿತ್ತು. 1800ರಲ್ಲಿ ಫೆಡರಲಿಸ್ಟರು ಅದನ್ನೇ ಮಾಡಿದ್ದರು. ರೋಡ್ ಐಲೆಂಡಿನ ಒಬ್ಬ ಎಲೆಕ್ಟರ್ ತನ್ನ ಒಂದು ಮತವನ್ನು ಪಿಂಕ್ನಿ ಬದಲು ಜಾನ್ ಜೇಗೆ ಹಾಕಿದ್ದರಿಂದ ಆಡಮ್ಸ್‌ಗೆ 65, ಚಾರ್ಲ್ಸ್ ಕೋಟ್ಸ್‌ವರ್ತ್ ಪಿಂಕ್ನಿಗೆ 64 ಬಂತು.

ಎಲೆಕ್ಟರ್‌ಗೆ ಎರಡು ಮತ, ಎರಡಕ್ಕೂ ಒಂದೇ ತೂಕ. ಇದು ಅಧ್ಯಕ್ಷನಿಗೆ, ಇದು ಉಪಾಧ್ಯಕ್ಷನಿಗೆ ಎಂದು ಬರೆಯುವಂತಿರಲಿಲ್ಲ. ಹೆಚ್ಚು ಮತದ ಜೊತೆಗೆ ಎಲೆಕ್ಟರ್‌ಗಳ ಬಹುಮತವೂ ಇದ್ದವನು ಅಧ್ಯಕ್ಷ, ಅವನ ನಂತರದವನು ಉಪಾಧ್ಯಕ್ಷ. 1796ರಲ್ಲೂ 1800ರಲ್ಲೂ ಎಲೆಕ್ಟರ್‌ಗಳು 138, ಬಹುಮತಕ್ಕೆ 70.

1796ರ ಲೆಕ್ಕ ನಿಜಕ್ಕೂ ಕೂತು ನೋಡಬೇಕಾದ್ದು. ಆಡಮ್ಸ್ 71, ಜೆಫರ್ಸನ್ 68, ಆಡಮ್ಸ್‌ರ ಆಗಿನ ಜೊತೆಗಾರ ಥಾಮಸ್ ಪಿಂಕ್ನಿ (ಚಾರ್ಲ್ಸ್ ಪಿಂಕ್ನಿಯ ತಮ್ಮ) 59. ಫೆಡರಲಿಸ್ಟ್ ನಾಯಕ ಹ್ಯಾಮಿಲ್ಟನ್ ಒಳಗೊಳಗೇ ಪಿಂಕ್ನಿಯನ್ನು ಮುಂದೆ ತರಲು ಹೊರಟಿದ್ದಾರೆಂಬ ಗುಮಾನಿಯಿಂದ ಈಶಾನ್ಯದ ನ್ಯೂ ಇಂಗ್ಲೆಂಡ್ ರಾಜ್ಯಗಳ 18 ಎಲೆಕ್ಟರ್‌ಗಳು ಪಿಂಕ್ನಿಯನ್ನು ಕೈಬಿಟ್ಟರು. ಅವರಲ್ಲಿ 10 ಅಥವಾ 11 ಮಂದಿ ಮತ ಕೊಟ್ಟಿದ್ದರೆ ಪಿಂಕ್ನಿ ಉಪಾಧ್ಯಕ್ಷರಾಗುತ್ತಿದ್ದರು. 12 ಆದರೆ ಆಡಮ್ಸ್ ಜೊತೆ ಸಮ, 13 ಆದರೆ ಪಿಂಕ್ನಿಯೇ ಅಧ್ಯಕ್ಷ! ಸೌತ್ ಕ್ಯಾರೊಲಿನಾದ 8 ಎಲೆಕ್ಟರ್‌ಗಳು ಜೆಫರ್ಸನ್ ಮತ್ತು ಪಿಂಕ್ನಿ ಇಬ್ಬರಿಗೂ ಹಾಕಿದ್ದರಿಂದ ಈ ಅಂತರ ಇಷ್ಟು ಕಿರಿದಾಯಿತು. ಎಲ್ಲ ಎಲೆಕ್ಟರ್‌ಗಳೂ ಒಂದೇ ದಿನ, ತಂತಮ್ಮ ರಾಜ್ಯದಲ್ಲೇ ಮತ ಹಾಕಬೇಕು. ಬೇರೆಡೆ ಏನಾಯಿತೆಂದು ತಿಳಿದುಕೊಂಡು ಇಂಥ ಅಳತೆ ಹಿಡಿಯುವುದು ಆಗದ ಮಾತು.

ಉತ್ತರ 2

"ಯಾಕೆ ಬಿಡಲಿಲ್ಲ" ಎಂಬುದಕ್ಕೆ ವರ್ಜೀನಿಯಾ ನೋಡಿ. 1796ರಲ್ಲಿ ಅಲ್ಲಿನ 21 ಎಲೆಕ್ಟರ್‌ಗಳಲ್ಲಿ 20 ಮಂದಿ ಜೆಫರ್ಸನ್‌ಗೆ ಹಾಕಿದರು, ಆಗಲೂ ಜೊತೆಗಾರನಾಗಿದ್ದ ಬರ್‌ಗೆ ಬಿದ್ದದ್ದು ಒಂದೇ ಮತ. ಬರ್ ಅದನ್ನು ಮರೆಯಲಿಲ್ಲ. 1800ರಲ್ಲಿ ಎಲೆಕ್ಟರ್‌ಗಳನ್ನು ಆರಿಸುವ ನ್ಯೂಯಾರ್ಕ್ ಶಾಸನಸಭೆ ರಿಪಬ್ಲಿಕನ್ನರ ಕೈಗೆ ಬಂದು 12 ಎಲೆಕ್ಟರ್‌ಗಳು ದಕ್ಕಿದ್ದರಲ್ಲಿ ನಗರದಲ್ಲಿ ಬರ್ ಮಾಡಿದ ಸಂಘಟನೆಯ ಪಾಲು ದೊಡ್ಡದು. ಅವರಿಗೆ ಎರಡನೇ ಬಾರಿ ಕೈಕೊಡಲು ಪಕ್ಷದವರು ತಯಾರಿರಲಿಲ್ಲ. ವರ್ಜೀನಿಯಾದ 21 ಮತಗಳೂ ಈ ಸಲ ಇಬ್ಬರಿಗೂ ಬಂದವು. 1796ರಲ್ಲಿ ಶಿಸ್ತು ಸಾಲದೆ ಕೆಟ್ಟಿತು, 1800ರಲ್ಲಿ ಶಿಸ್ತು ಹೆಚ್ಚಾಗಿ ಕೆಟ್ಟಿತು. ಪಕ್ಷಗಳೇ ಇರುವುದಿಲ್ಲ ಎಂದುಕೊಂಡು ಬರೆದ ನಿಯಮ ಅದು.

ಉತ್ತರ 3

ಸಮಬಲವಾದ ಮೇಲಿನದನ್ನು ಸೇರಿಸುತ್ತೇನೆ, ಇಲ್ಲಿ ಅನೇಕರು ಎಡವುತ್ತಾರೆ. ತೀರ್ಮಾನ ಪ್ರತಿನಿಧಿ ಸಭೆಯದು, ಆದರೆ ತಲೆ ಎಣಿಕೆಯಲ್ಲ, ರಾಜ್ಯಕ್ಕೊಂದು ಮತ. 16 ರಾಜ್ಯಗಳಲ್ಲಿ 9 ಬೇಕು. ಅದೂ ಹೊಸದಾಗಿ ಗೆದ್ದವರ ಸಭೆಯಲ್ಲ, ಫೆಡರಲಿಸ್ಟರೇ ಹೆಚ್ಚಿದ್ದ ಹಳೆಯ ಸಭೆ. 1801ರ ಫೆಬ್ರವರಿ 11ರಿಂದ 35 ಸುತ್ತು ನಡೆದರೂ ಜೆಫರ್ಸನ್ 8, ಬರ್ 6. ವರ್ಮಾಂಟ್ ಮತ್ತು ಮೇರಿಲ್ಯಾಂಡ್ ಪ್ರತಿನಿಧಿಗಳು ಸಮನಾಗಿ ಒಡೆದಿದ್ದರಿಂದ ಆ ಎರಡು ಮತ ಯಾರಿಗೂ ಇಲ್ಲ.

ಡೆಲವೇರ್‌ಗೆ ಇದ್ದವರು ಜೇಮ್ಸ್ ಬೇಯರ್ಡ್ ಒಬ್ಬರೇ, ಫೆಡರಲಿಸ್ಟ್. 17ರಂದು, 36ನೇ ಸುತ್ತಿನಲ್ಲಿ, ಅವರು ಖಾಲಿ ಮತ ಹಾಕಿದರು. ಸೌತ್ ಕ್ಯಾರೊಲಿನಾವೂ ಖಾಲಿ ಬಿಟ್ಟಿತು. ವರ್ಮಾಂಟ್, ಮೇರಿಲ್ಯಾಂಡ್‌ಗಳಲ್ಲಿ ಫೆಡರಲಿಸ್ಟರು ಹಿಂದೆ ಸರಿದಾಗ ಆ ಎರಡೂ ಜೆಫರ್ಸನ್‌ಗೆ ಬಂದು 10 ಆಯಿತು. ಗಮನಿಸಿ, ಆ ಫೆಡರಲಿಸ್ಟರು ಜೆಫರ್ಸನ್‌ಗೆ ಮತ ಹಾಕಲಿಲ್ಲ, ದಾರಿ ಬಿಟ್ಟರು ಅಷ್ಟೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಈ ರಿಪಬ್ಲಿಕನ್ನರೇ ಇಂದಿನ ರಿಪಬ್ಲಿಕನ್ ಪಕ್ಷವೇ?

ಉತ್ತರ 2

ಅಲ್ಲ. ಇಂದಿನದು 1854ರಲ್ಲಿ ಹುಟ್ಟಿದ್ದು. ಇವರನ್ನು ಪುಸ್ತಕಗಳು ಡೆಮಾಕ್ರಟಿಕ್-ರಿಪಬ್ಲಿಕನ್ ಎನ್ನುತ್ತವೆ. ರಾಜ್ಯಗಳ ಸಾಲವನ್ನು ಕೇಂದ್ರ ಹೊರಬೇಕೆಂಬ ಹ್ಯಾಮಿಲ್ಟನ್‌ರ 1790ರ ಯೋಜನೆಯನ್ನು ಜೆಫರ್ಸನ್‌ರ ಸಂಗಾತಿ ಮ್ಯಾಡಿಸನ್, ಮರುವರ್ಷದ ರಾಷ್ಟ್ರೀಯ ಬ್ಯಾಂಕನ್ನು ಮ್ಯಾಡಿಸನ್ ಮತ್ತು ಜೆಫರ್ಸನ್ ಇಬ್ಬರೂ ವಿರೋಧಿಸಿದಲ್ಲಿಂದ ಇವರ ಗುಂಪು ಬೆಳೆಯಿತು. ಎರಡು ಹುದ್ದೆಗೆ ಬೇರೆ ಬೇರೆ ಮತ ಎಂಬ 12ನೇ ತಿದ್ದುಪಡಿ 1804ರ ಜೂನ್‌ನಲ್ಲಿ ಜಾರಿಗೆ ಬಂತು, ಆ ವರ್ಷದ ಚುನಾವಣೆಗೆ ಸರಿಯಾಗಿ.