ಗೆಳೆಯನ ಜೊತೆ ಇತಿಹಾಸದ ವಾರ್‌ಗೇಮ್: ಎಲ್ಲಿಂದ ಶುರು ಮಾಡೋದು?

ಕೇಳಿದ್ದು:

ಎಲ್ಲರಿಗೂ ಶರಣ್ರಿ. ನಾನು ಕಲಬುರಗಿಯವನು. ಬಹಮನಿ ಕಾಲದ ಇತಿಹಾಸ ಅಂದ್ರೆ ನನಗೆ ಪ್ರಾಣ. ಪುಟ್ಟ ಸೈನಿಕರ ಬೊಂಬೆಗಳನ್ನು ಮೇಜಿನ ಮೇಲೆ ಜೋಡಿಸಿ, ದಾಳ ಹಾಕಿ, ಹಳೇ ಕಾಳಗಗಳನ್ನು ಆಡುವ ವಾರ್‌ಗೇಮ್ ವಿಡಿಯೊಗಳನ್ನು ನೋಡಿದ್ದೇನೆ. ಆಡಬೇಕು ಅಂತ ಆಸೆ. ಜೊತೆಗೆ ಇರೋದು ಒಬ್ಬನೇ ಗೆಳೆಯ. ಅವನಿಗೆ ಚೆಸ್ ಬರುತ್ತೆ, ಆದರೆ ಇತಿಹಾಸ ಅಂದ್ರೆ ಆಕಳಿಕೆ. ಒಂದು ಸಲ ನಿಯಮಗಳನ್ನು ಓದಿ ಹೇಳಿದೆ, ಅರ್ಧ ಗಂಟೆಯಲ್ಲಿ ಎದ್ದು ಹೋದ. ಬೊಂಬೆ ಸಿಗುವ ಅಂಗಡಿಯೂ ನನಗೆ ಇಲ್ಲಿ ಕಾಣಲಿಲ್ಲ. ಆಡಿದವರು ಇದ್ದರೆ ದಯವಿಟ್ಟು ಅನುಭವ ಹೇಳಿ.

ಕಲಬುರಗಿಯಿಂದಲೇ ಒಬ್ಬರು:

ನಾನು ಮತ್ತು ನನ್ನ ಗೆಳೆಯ ಆಡಲು ಶುರು ಮಾಡಿ ನಾಲ್ಕು ವರ್ಷ ಆಯ್ತು. ಮೊದಲ ದಿನ ನಾನೂ ನಿಯಮ ಓದಿ ಹೇಳೋಕೆ ಕೂತಿದ್ದೆ. ಅವನು ಸುಮ್ನೆ ಮೊಬೈಲ್ ತೆಗೆದ.

ಎರಡನೇ ಸಲ ನಿಯಮ ಬಿಟ್ಟು ಕತೆ ಹೇಳಿದೆ. 1398ರ ಸುಮಾರು. ಕೃಷ್ಣಾ ನದಿ ತುಂಬಿದೆ. ಈ ದಡದಲ್ಲಿ ಫಿರೋಜ್ ಶಾ ಬಹಮನಿ, ಆ ದಡದಲ್ಲಿ ವಿಜಯನಗರದ ದೊಡ್ಡ ದಂಡು. ದಾಟೋಕೆ ದಾರಿಯಿಲ್ಲ. ಆಗ ಫಿರೋಜ್ ಕಡೆಯ ಕಾಜಿ ಸಿರಾಜ್ ಎಂಬಾತ ಕೆಲವರ ಜೊತೆ ವೇಷ ಹಾಕಿ, ಹಾಡಿ ಕುಣಿಯುವವರ ಹಾಗೆ ಆ ಪಾಳೆಯ ಸೇರುತ್ತಾನೆ. ಕುಣಿತದ ನಡುವೆಯೇ ರಾಯರ ಮಗನನ್ನು ಕೊಲ್ಲುತ್ತಾನೆ. ಕತ್ತಲಲ್ಲಿ ಯಾರು ಎಲ್ಲಿದ್ದಾರೆ ಅಂತ ತಿಳಿಯದೆ ಪಾಳೆಯವೆಲ್ಲ ಗದ್ದಲ. ಅಷ್ಟರಲ್ಲಿ ಫಿರೋಜ್ ನದಿ ದಾಟುತ್ತಾನೆ. ಇದು ಇತಿಹಾಸಕಾರ ಫರಿಷ್ತಾ ಬರೆದಿಟ್ಟ ಕತೆ. ಹೇಳಿ ಮುಗಿಸಿ ಕೇಳಿದೆ: "ಈಗ ನೀನು ವಿಜಯನಗರದ ದಂಡನಾಯಕ. ಬೆಳಕು ಹರೀತಿದೆ. ನಿನ್ನ ಹತ್ತಿರ 12 ತುಕಡಿ ಇವೆ. ದಡಕ್ಕೆ ನುಗ್ಗಿ ತಡೀತೀಯೋ, ಹಿಂದೆ ಸರಿದು ಸಾಲು ಕಟ್ತೀಯೋ?" ಅವನು ಮೊಬೈಲ್ ಕೆಳಗಿಟ್ಟ. "ಅವರಲ್ಲಿ ಎಷ್ಟು ಜನ ದಾಟಿದ್ದಾರೆ?" ಅಂತ ಕೇಳಿದ. ಆಟ ಶುರುವಾಗಿದ್ದೇ ಅಲ್ಲಿಂದ. ಗೆಳೆಯನಿಗೆ ಇತಿಹಾಸ ಬೇಡ ಅನ್ನಿಸಿರಬಹುದು. ಆದರೆ ಅವನ ಕೈಗೆ ಒಂದು ತೀರ್ಮಾನ ಕೊಟ್ಟು ನೋಡಿ. ಚೆಸ್ ಆಡುವವನಿಗೆ ಅದು ಸಾಕು.

ನಿಯಮಕ್ಕೆ ನಾವು ಹಿಡಿದಿದ್ದು ಡಿಬಿಎ. ಪೂರ್ತಿ ಹೆಸರು ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್, 1990ರಲ್ಲಿ ಬ್ರಿಟನ್‌ನಲ್ಲಿ ಬಂದದ್ದು. ಒಂದು ಕಡೆಗೆ ಬರೀ 12 ತುಕಡಿ, ಸುಮಾರು ಒಂದು ಗಂಟೆಯ ಆಟ. ನಿಮ್ಮ ಸರದಿ ಬಂದಾಗ ಒಂದು ದಾಳ ಹಾಕಬೇಕು. ಬಿದ್ದ ಅಂಕಿಯಷ್ಟೇ ನಡೆ. ಒಂದು ಬಿದ್ದರೆ ಒಂದೇ ನಡೆ! ಆದರೆ ಸಾಲಾಗಿ ಅಂಟಿಕೊಂಡು ನಿಂತ ತುಕಡಿಗಳೆಲ್ಲ ಸೇರಿ ಒಂದೇ ನಡೆಯಲ್ಲಿ ಹೋಗಬಹುದು. ಸಾಲು ಒಡೆದ ದಂಡಿಗೆ ನಡೆ ಸಾಲಲ್ಲ. ಹಿಂದಿನವರು ಸಾಲು ಕಾಯಲು ಯಾಕಷ್ಟು ಒದ್ದಾಡುತ್ತಿದ್ದರು ಅಂತ ನನಗೆ ಹೊಳೆದಿದ್ದು ಓದಿದಾಗ ಅಲ್ಲ, ಕೆಟ್ಟ ದಾಳ ಬಿದ್ದಾಗ. ಎದುರುಬದುರಾದರೆ ಇಬ್ಬರೂ ದಾಳ ಹಾಕಿ ತಮ್ಮ ತುಕಡಿಯ ಬಲ ಕೂಡಿಸುತ್ತೀರಿ. ಎದುರಾಳಿಗಿಂತ ದುಪ್ಪಟ್ಟು ಬಂದರೆ ಅವನ ತುಕಡಿ ಹೋಯ್ತು, ಕಡಿಮೆ ಅಂತರವಾದರೆ ಸಾಮಾನ್ಯವಾಗಿ ಹಿಂದೆ ತಳ್ಳಿಸಿಕೊಳ್ಳುತ್ತೆ. ನಾಲ್ಕು ತುಕಡಿ ಕಳೆದುಕೊಂಡು, ಎದುರಾಳಿಗಿಂತ ಜಾಸ್ತಿ ನಷ್ಟವಾಗಿದ್ದರೆ ಸೋಲು. ಇದು 1500ರವರೆಗಿನ ಯುದ್ಧಗಳಿಗೆ ಮಾಡಿದ ನಿಯಮ. ಹಾಗಾಗಿ 1565ರ ತಾಳೀಕೋಟೆ ಕಾಳಗವನ್ನು ಇದರಲ್ಲಿ ಆಡಲು ಹೋಗಬೇಡಿ. ನಾನು ಹೋಗಿ ಒಂದು ಇಡೀ ಭಾನುವಾರ ಹಾಳಾಯ್ತು.

15 ಮಿಲಿಮೀಟರ್ ಎತ್ತರದ ಬೊಂಬೆಗಳಿಗೆ ಬೇಕಾದ ಅಂಗಳ ಎರಡಡಿ ಚೌಕ. ನಮ್ಮೂರಿನವರಿಗೆ ಹೇಳಬೇಕಾ? ಎರಡಡಿಯ ಒಂದು ಶಹಾಬಾದ್ ಪರ್ಸಿ ಸಾಕು! ಕೆಳಗೆ ಹಳೇ ಕೌದಿ ಹಾಸಿ ಇಡಿ, ಅಲುಗಾಡಲ್ಲ. ಹೊರದೇಶದಿಂದ ಸೀಸದ ಬೊಂಬೆ ತರಿಸೋದು ಆಮೇಲೆ ನೋಡೋಣ. ಮೊದಲು ಕಾಗದದ ಸೈನಿಕರು ಸಾಕು. ದಪ್ಪ ಕಾಗದದ ಮೇಲೆ ಚಿತ್ರ ಪ್ರಿಂಟ್ ತೆಗೆಸಿ, 40 ಮಿಲಿಮೀಟರ್ ಅಗಲದ ರಟ್ಟಿನ ತುಂಡಿಗೆ ಅಂಟಿಸಿ. ಅಂಥ ಒಂದು ತುಂಡು ಅಂದ್ರೆ ಒಂದು ತುಕಡಿ. ಒಂದು ಮಾತು ಮರೀಬೇಡಿ: ಬೇಸಿಗೆಯಲ್ಲಿ ಫ್ಯಾನ್ ಹಾಕದೆ ಇಲ್ಲಿ ಕೂರೋಕಾಗಲ್ಲ, ಫ್ಯಾನ್ ಹಾಕಿದರೆ ಎರಡೂ ದಂಡು ಒಟ್ಟಿಗೆ ಮಲಗುತ್ತವೆ. ರಟ್ಟಿನ ಕೆಳಗೆ ಕಬ್ಬಿಣದ ವಾಷರ್ ಅಂಟಿಸಿ. ಎರಡೂ ಕಡೆಯ ಸೈನ್ಯ ನೀವೇ ಮಾಡಿಡಿ. ಗೆಳೆಯ ಬರಿಗೈಲಿ ಬಂದು ಕೂತು ಆಡಲಿ. ಅವನಿಗೆ ರುಚಿ ಹತ್ತಿದ ಮೇಲೆ ತಾನೇ ಬಣ್ಣ ಕೇಳ್ತಾನೆ.

ಇನ್ನೊಂದು ವಿಷಯ ಮನಸ್ಸಿನಿಂದ ಹೇಳ್ತೀನಿ. ನನ್ನ ಗೆಳೆಯ ಮುಸ್ಲಿಂ. ಆಟ ನೋಡಲು ಬಂದವರು "ಬಹಮನಿ ಅವನದು, ವಿಜಯನಗರ ನಿನ್ನದು ಅಲ್ವಾ?" ಅಂತ ಕೇಳ್ತಿದ್ದರು. ಅವನಿಗೆ ಅದು ನೋವಾಗ್ತಿತ್ತು, ನನಗೂ. ವಿಜಯನಗರದ ಎರಡನೇ ದೇವರಾಯನ ದಂಡಿನಲ್ಲಿ ಮುಸ್ಲಿಂ ಬಿಲ್ಲುಗಾರರಿದ್ದರು, ಆತನೇ ಕರೆಸಿ ಸೇರಿಸಿಕೊಂಡಿದ್ದು. ಈಗ ನಾವು ಚೀಟಿ ಎತ್ತಿ ಕಡೆ ಆರಿಸ್ತೀವಿ. ಒಂದು ಆಟ ಮುಗಿದ ಮೇಲೆ ಕಡೆ ಬದಲಿಸಿ ಅದೇ ಕಾಳಗ ಮತ್ತೆ ಆಡ್ತೀವಿ. ಸೋತವನಿಗೆ ಸೈನ್ಯವೇ ಸರಿಯಿಲ್ಲ ಅನ್ನಿಸುತ್ತೆ ನೋಡಿ, ಅದಕ್ಕೂ ಇದೇ ಮದ್ದು.

ಬೀದರ್‌ನಿಂದ ಒಬ್ಬರು:

ಮೇಲಿನವರು ಹೇಳಿದ್ದೆಲ್ಲ ಸರಿ. ಜಗಳದ ಬಗ್ಗೆ ನಾನು ಸೇರಿಸ್ತೀನಿ. ನಮ್ಮ ಜಗಳ ಎಲ್ಲಾ ಅಳತೆಯದು, ಅರ್ಧ ಸೆಂಟಿಮೀಟರ್‌ಗೆ ಮಾತು ಬಿಟ್ಟ ದಿನಗಳೂ ಇವೆ. ಈಗ ತುಕಡಿ ಇಡುವಾಗಲೇ ಬಾಯಿ ಬಿಟ್ಟು ಹೇಳ್ತೀವಿ: "ಈ ಕುದುರೆ ನಿನ್ನ ಬಾಣಕ್ಕೆ ಸಿಗದಷ್ಟು ದೂರ ನಿಲ್ಲುತ್ತೆ, ಒಪ್ಪಿಗೇನಾ?" ಒಪ್ಪಿದ ಮೇಲೆ ಆ ಮಾತು ತೆಗೆಯೋ ಹಾಗಿಲ್ಲ. ನಿಯಮದಲ್ಲಿ ಅನುಮಾನ ಬಂದರೆ ದಾಳ ಹಾಕಿ ಮುಂದೆ ಹೋಗ್ತೀವಿ, ಪುಸ್ತಕ ತೆರೆಯೋದು ಆಟ ಮುಗಿದ ಮೇಲೆ.

ನಾವು ನಮ್ಮ ಕೋಟೆಯನ್ನೇ ಆಡಿದ್ವಿ, 1657ರ ಮುತ್ತಿಗೆ. ಹೊರಗೆ ರಾಜಕುಮಾರ ಔರಂಗಜೇಬ್, ಒಳಗೆ ಬಿಜಾಪುರದ ಪರವಾಗಿ ಸಿದ್ದಿ ಮರ್ಜಾನ್. ಕೋಟೆ 27 ದಿನ ತಡೆದು ನಿಂತಿತ್ತು. ಕೊನೆಗೆ ಒಳಗಿನ ಮದ್ದಿನ ದಾಸ್ತಾನಿಗೆ ಬೆಂಕಿ ಬಿದ್ದು ಮರ್ಜಾನ್ ಸುಟ್ಟು ಗಾಯಗೊಂಡ, ಕೋಟೆ ಕೈಬಿಟ್ಟಿತು. ಮೊದಲ ಸಲ ಆಡಿದಾಗ ಒಳಗಿದ್ದವನಿಗೆ ಮಾಡಲು ಕೆಲಸವೇ ಇರಲಿಲ್ಲ, ಬರೀ ಸಾಯೋದು. ಬೇಜಾರಾಯ್ತು. ಆಮೇಲೆ ಒಂದು ಸರದಿಗೆ ಮೂರು ದಿನ ಅಂತ ಲೆಕ್ಕ ಹಾಕಿ ಒಂಬತ್ತು ಸರದಿ ಇಟ್ಟೆವು. ಒಂಬತ್ತೂ ಸರದಿ ಮುಗಿದ ಮೇಲೂ ಕೋಟೆ ಒಳಗಿನವನ ಕೈಲಿದ್ದರೆ ಅವನೇ ಗೆದ್ದ ಹಾಗೆ. ಗೆಳೆಯ ರಾತ್ರಿ ಬಾಗಿಲು ತೆರೆದು ಹೊರಗೆ ನುಗ್ಗಿ ನನ್ನ ತೋಪುಗಳನ್ನು ಕೆಡವಿದಾಗ ಇಬ್ಬರೂ ಎದ್ದು ನಿಂತಿದ್ದೆವು.

ಕೋಟೆ ಗೋಡೆಗೆ ಥರ್ಮಾಕೋಲ್ ಬೇಡ. ಜೋಳದ ದಂಟಿನ ಬೆಂಡು ಬಳಸಿ. ಚಿಕ್ಕವರಿದ್ದಾಗ ಅದರಲ್ಲೇ ಬಂಡಿ ಮಾಡ್ತಿದ್ವಿ ಅಲ್ವಾ, ಕತ್ತರಿಸೋದು ಸುಲಭ. ನಮ್ಮೂರ ಕೆಂಪು ಕಲ್ಲಿನ ಪುಡಿ ಅಂಟಿಸಿದರೆ ಬೀದರ್ ಕೋಟೆಯ ಬಣ್ಣವೇ ಬರುತ್ತೆ.

ಯಾದಗಿರಿ ಕಡೆಯಿಂದ ಒಬ್ಬರು:

ನಿಮ್ಮ ಗೆಳೆಯನಿಗೆ 12 ತುಕಡಿಯೂ ಜಾಸ್ತಿ ಅನ್ನಿಸಿದರೆ ಕಡೆಗೆ ಹತ್ತೇ ಬೊಂಬೆ ಇಟ್ಟು ಆಡಿ, ಒಂದು ಬೊಂಬೆ ಅಂದ್ರೆ ಒಬ್ಬ ಮನುಷ್ಯ. ನಾವು ಸುರಪುರದ ಹತ್ತಿರದ ವಾಗಣಗೇರಾ ಆಡ್ತೀವಿ. 1705ರಲ್ಲಿ 86 ವರ್ಷದ ಔರಂಗಜೇಬ್ ತಾನೇ ಬಂದು ಮುತ್ತಿದ ಕೋಟೆ ಅದು. ಕೋವಿ ಹಿಡಿದ ಬೇಡರು ಗುಡ್ಡಗಳಿಂದ ಅವನ ದಂಡನ್ನು ವಾರಗಟ್ಟಲೆ ಕಾಡಿದರು. ಕೊನೆಗೆ ಬೇಡರ ದೊರೆ ಪಿಡ್ಡ ನಾಯಕ ರಾತ್ರಿ ತಪ್ಪಿಸಿಕೊಂಡ, ಮೊಗಲರಿಗೆ ಸಿಕ್ಕಿದ್ದು ಖಾಲಿ ಕೋಟೆ. ಅದಕ್ಕೇ ನಮ್ಮ ಆಟದಲ್ಲಿ ನಾಯಕನ ಬೊಂಬೆ ಮೇಜಿನ ಅಂಚು ದಾಟಿದರೆ ಬೇಡರ ಗೆಲುವು. ಹೊಸ ಗೆಳೆಯನಿಗೆ ಮೊದಲು ಬೇಡರ ಕಡೆಯನ್ನೇ ಕೊಡಿ. ಗುಡ್ಡಕ್ಕೆ ನೆಲದ ಕಲ್ಲು, ಪೊದೆಗೆ ಒಣಗಿದ ತೊಗರಿ ಕಡ್ಡಿ ಸಾಕು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಕೈಗೆ ಮಣ್ಣಿನ ಆನೆ ಕಷ್ಟವಲ್ಲ. ನಮ್ಮ ಮನೆಯ ಎರಡು ಆನೆ ಅಮ್ಮ ಮಾಡಿಕೊಟ್ಟಿದ್ದು.